ಉಚಿತ ಹೂಡಿಕೆ ಆ್ಯಪ್‌ಗೆ ಇಮೇಲ್ ಓದುವ ಅನುಮತಿ ಕೊಡುವ ಮುನ್ನ

ಬಸವನಗುಡಿಯಲ್ಲಿರುವ ನಮ್ಮ ಚಿಕ್ಕಪ್ಪನವರು ನಿವೃತ್ತರಾದ ಮೇಲೆ, ತಮ್ಮ ಮ್ಯೂಚುವಲ್ ಫಂಡ್ ಹೂಡಿಕೆಗಳೆಲ್ಲ ಒಂದೇ ಕಡೆ ಕಾಣಲಿ ಎಂದು ಉಚಿತ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡರು. ಫಂಡ್‌ಗಳ ಪರವಾಗಿ ಹೂಡಿಕೆದಾರರ ದಾಖಲೆ ಇಡುವ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಸಂಸ್ಥೆಗಳಿಂದ ಬರುವ ಒಟ್ಟು ಖಾತಾ ವಿವರವನ್ನು ತಾನೇ ಓದಿಕೊಳ್ಳಲು ಅದು ಅವರ ಇಮೇಲ್ ನೋಡುವ ಅನುಮತಿ ಕೇಳಿತು. ಅನುಮತಿ ಸಿಕ್ಕ ಕೆಲವೇ ದಿನಗಳಲ್ಲಿ ಸಲಹೆಗಾರರೆಂದು ಹೇಳಿಕೊಳ್ಳುವವರ ಕರೆಗಳು ಆರಂಭವಾದವು. ಯಾವ ಫಂಡಿನಲ್ಲಿ ಎಷ್ಟು ಹಣವಿದೆ ಎಂಬುದು ಅವರಿಗೆ ಮೊದಲೇ ತಿಳಿದಿತ್ತು.

ಅದಕ್ಕಿಂತ ಹೆಚ್ಚು ಆಕ್ಷೇಪಾರ್ಹವಾದದ್ದು ಆ ಆ್ಯಪ್ ಲಾಭ ತೋರಿಸುತ್ತಿದ್ದ ರೀತಿ. ತಿಂಗಳಿಗೆ 10,000 ರೂಪಾಯಿಯಂತೆ ವರ್ಷವಿಡೀ ಎಸ್‌ಐಪಿ (ಕಂತಿನ ಹೂಡಿಕೆ) ಕಟ್ಟಿ, ಆ 1,20,000 ರೂಪಾಯಿ ವರ್ಷದ ಕೊನೆಗೆ 1,27,200 ಆಗಿದ್ದರೆ, ಅದು ಲಾಭ ಶೇಕಡಾ 6 ಎಂದಷ್ಟೇ ತೋರಿಸುತ್ತದೆ. ಆದರೆ ಪೂರ್ತಿ ವರ್ಷ ಹೂಡಿಕೆಯಲ್ಲಿದ್ದದ್ದು ಮೊದಲ ಕಂತು ಮಾತ್ರ, ಕೊನೆಯ ಕಂತು ಇದ್ದದ್ದು ಒಂದೇ ತಿಂಗಳು. ಕಂತುಗಳ ದಿನಾಂಕವನ್ನು ಪರಿಗಣಿಸುವ ಎಕ್ಸ್‌ಐಆರ್‌ಆರ್ ಎಂಬ ಲೆಕ್ಕದ ಪ್ರಕಾರ ವಾರ್ಷಿಕ ಲಾಭ ಸುಮಾರು ಶೇಕಡಾ 11. ಆ ಆರರ ಪಕ್ಕದಲ್ಲಿ ಬೇರೊಂದು ಫಂಡಿನ ಪೂರ್ಣ ವರ್ಷದ ಲಾಭವನ್ನಿಟ್ಟು, ನಿಮ್ಮ ಫಂಡ್ ಹಿಂದುಳಿದಿದೆ, ಬದಲಾಯಿಸಿ ಎಂದು ಆ್ಯಪ್ ಸೂಚಿಸಿತು. ಇದು ಲೆಕ್ಕ ಬಾರದೆ ಆದದ್ದೆಂದು ನಾನು ನಂಬಲಾರೆ. ಚಿಕ್ಕಪ್ಪನವರಲ್ಲಿದ್ದುದು ಮಧ್ಯವರ್ತಿಗೆ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್, ಸೂಚಿಸಿದ್ದು ಮಧ್ಯವರ್ತಿಯ ಮೂಲಕ ಮಾರುವ ರೆಗ್ಯುಲರ್ ಪ್ಲಾನ್. ಅದರಲ್ಲಿ ಹಣ ಇರುವಷ್ಟು ಕಾಲವೂ ಮಾರಿದವರಿಗೆ ಕಮಿಷನ್ ಸಲ್ಲುತ್ತಿರುತ್ತದೆ.

ಅವರು ಬದಲಾಯಿಸಿದರು. ತೆರಿಗೆಯ ದೃಷ್ಟಿಯಲ್ಲಿ ಅದು ಮಾರಾಟವೇ. ಷೇರು ಫಂಡಿನಲ್ಲಿ ಒಂದು ವರ್ಷ ತುಂಬದ ಯೂನಿಟ್‌ಗಳ ಲಾಭಕ್ಕೆ 2024ರ ಜುಲೈ 23ರಿಂದ ಶೇಕಡಾ 20 ತೆರಿಗೆಯಿದೆ, ಜೊತೆಗೆ ಅವರ ಫಂಡಿನಲ್ಲಿ ಶೇಕಡಾ 1 ಎಕ್ಸಿಟ್ ಲೋಡ್ (ಬೇಗ ಹಣ ತೆಗೆದರೆ ಕಡಿತವಾಗುವ ಶುಲ್ಕ) ಕೂಡ ಇತ್ತು. ಆ್ಯಪ್ ಇವೆರಡರಲ್ಲಿ ಒಂದನ್ನೂ ತಿಳಿಸಲಿಲ್ಲ.

ಇಂಥ ಅನುಮತಿಯನ್ನು ಈಗಾಗಲೇ ಕೊಟ್ಟಿರುವವರು ದಯವಿಟ್ಟು ಇಂದೇ ಗೂಗಲ್ ಖಾತೆಯ ಭದ್ರತಾ ವಿಭಾಗದಲ್ಲಿ ಅದನ್ನು ಹಿಂಪಡೆಯಿರಿ, ಏಕೆಂದರೆ ಮೊಬೈಲಿನಿಂದ ಆ್ಯಪ್ ತೆಗೆದ ಮಾತ್ರಕ್ಕೆ ಅನುಮತಿ ರದ್ದಾಗುವುದಿಲ್ಲ. ಲೆಕ್ಕ ಇಡಲು ಪೋರ್ಟ್‌ಫೋಲಿಯೋ ಪರ್ಫಾರ್ಮೆನ್ಸ್ ಎಂಬ ಉಚಿತ ಮುಕ್ತ ತಂತ್ರಾಂಶವಿದೆ. ವಹಿವಾಟುಗಳನ್ನು ನಾವೇ ತುಂಬಿಸುವ ಶ್ರಮವಿದ್ದರೂ ಕಡತವನ್ನು ನಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬಹುದು. ಅಷ್ಟು ಬೇಡವೆನ್ನುವವರು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ದಿನಾಂಕ ಮತ್ತು ಮೊತ್ತಗಳನ್ನು ಎರಡು ಕಾಲಂಗಳಲ್ಲಿ ಬರೆದು, ಮ್ಯೂಚುವಲ್ ಫಂಡ್ ಸಂಸ್ಥೆಗಳ ಒಕ್ಕೂಟವಾದ ಆ್ಯಂಫಿಯ ಜಾಲತಾಣದಲ್ಲಿ ಸಿಗುವ ಎನ್‌ಎವಿಯನ್ನು, ಅಂದರೆ ಒಂದು ಯೂನಿಟ್‌ನ ಬೆಲೆಯನ್ನು, ನಮ್ಮಲ್ಲಿರುವ ಯೂನಿಟ್‌ಗಳಿಂದ ಗುಣಿಸಿ ಇಂದಿನ ಮೌಲ್ಯವನ್ನು ಕೊನೆಯ ಸಾಲಿಗೆ ಹಾಕಿದರೆ, ಎಕ್ಸ್‌ಐಆರ್‌ಆರ್ ಸೂತ್ರ ಉತ್ತರ ಕೊಡುತ್ತದೆ. ಕಟ್ಟಿದ ಕಂತುಗಳಿಗೆ ಮೈನಸ್ ಚಿಹ್ನೆ ಹಾಕಿರಬೇಕು.