ಅದೇ ಜರ್ಸಿ, ಎರಡು ಥರದ ಕೊಟ್ಟಿಗೆ: ಹಾಲಲ್ಲಿ ನಾ ಕಂಡ ವ್ಯತ್ಯಾಸ

ನಮ್ಮ ಶಿರಸಿ ಕಡೆ ಹಾಲಿನ ಮಾತು ಬಂದ್ರೆ ಎರಡು ಪಕ್ಷ. ನಮ್ಮ ಕಡೆಯ ಕುಳ್ಳ ನಾಟಿ ತಳಿ ಮಲೆನಾಡ ಗಿಡ್ಡದ ಹಾಲೇ ಹಾಲು ಅನ್ನೋರು ಒಂದ್ಕಡೆ, ಜರ್ಸಿ ಇಲ್ದೇ ಹೋದ್ರೆ ಹಿಂಡಿ ದುಡ್ಡೂ ಹುಟ್ಟಲ್ಲ ಅನ್ನೋರು ಇನ್ನೊಂದ್ಕಡೆ. ನಮ್ಮನೇಲಿ ಎರಡೂ ಇದೆ. ಆದ್ರೆ ಒಂದೇ ಜರ್ಸಿ ಕ್ರಾಸ್ ಆಕಳನ್ನ ಮೂರನೇ ಕರುವಿಗೆ ಒಂಥರ, ನಾಲ್ಕನೇ ಕರುವಿಗೆ ಇನ್ನೊಂಥರ ಸಾಕಿ ನೋಡಿದ್ಮೇಲೆ ನಂಗೆ ಈ ತಳಿ ಜಗಳದಲ್ಲಿ ಆಸಕ್ತಿ ಹೋಯ್ತು, ದಿನಕ್ಕೆ ಎಷ್ಟು ಹೊತ್ತು ಕಣ್ಣಿ ಬಿಚ್ಚಿರ್ತೀವಿ, ಮಲಗೋಕೆ ಏನು ಹಾಸ್ತೀವಿ, ಅದೇ ದೊಡ್ಡದು ಅನಿಸ್ತು.

ಮೂರನೇ ಕರು ಹೊತ್ತಿಗೆ ಸೊಪ್ಪು ತರೋಕೆ, ಗೊಬ್ಬರ ಹೊರೋಕೆ ಆಳು ಸಿಗದೆ ಕೊಟ್ಟಿಗೆಗೆ ಸಿಮೆಂಟ್ ಹಾಕ್ಸಿದ್ವಿ. ಪೈಪ್ ಹಿಡಿದ್ರೆ ಹತ್ತು ನಿಮಿಷದಲ್ಲಿ ಕ್ಲೀನ್. ಆ ಜರ್ಸಿ ಕ್ರಾಸ್ ಆಕಳು ಗೌರಿನ ಇಡೀ ದಿನ ಕಟ್ಟೇ ಹಾಕಿದ್ವಿ, ಹಿಂಡಿ ಐದು ಕೆಜಿ, ಹುಲ್ಲು ಕಮ್ಮಿ. ಎರಡನೇ ತಿಂಗಳಲ್ಲಿ ದಿನಕ್ಕೆ 9 ಲೀಟರ್ ಬಂತು, ಖುಷಿನೇ ಆಯ್ತು. ಡೈರೀಲಿ ಫ್ಯಾಟ್ ನೋಡಿದ್ರೆ 3.3. ಇದಕ್ಕೆ ಕಾರಣ ಇದೆ, ಹುಲ್ಲಿನ ನಾರು ಹೊಟ್ಟೇಲಿ ಕೊಳೆತು ಹುಟ್ಟೋ ಅಂಶದಿಂದಲೇ ಹಾಲಿನ ಜಿಡ್ಡಿನ ಒಂದು ಪಾಲು ಆಗೋದು, ಹಿಂಡಿ ಜಾಸ್ತಿ ನಾರು ಕಮ್ಮಿ ಆದ್ರೆ ಹಾಲು ಏರತ್ತೆ ಫ್ಯಾಟ್ ಇಳಿಯತ್ತೆ.

ಅದಕ್ಕಿಂತ ಬೇಜಾರಾಗಿದ್ದು ಅವಳು ಮಲಗೋದು ನೋಡಿ. ಮುಂಗಾಲು ಮಡಚ್ತಾಳೆ, ನೆಲ ಮೂಸ್ತಾಳೆ, ಮತ್ತೆ ಎದ್ದು ನಿಲ್ತಾಳೆ, ಹೀಗೆ ಮೂರ್ನಾಲ್ಕು ಸಲ. ಆಕಳು ಅಂದ್ಮೇಲೆ ದಿನಕ್ಕೆ 10-12 ಗಂಟೆ ಮಲಗ್ಬೇಕು, ಮೆಲುಕು ಹಾಕೋದೇ ಏಳೆಂಟು ಗಂಟೆ, ಇವಳು ರಾತ್ರಿ ಹನ್ನೊಂದಕ್ಕೂ ನಿಂತೇ ಇರ್ತಿದ್ಲು. ಮೊಣಕಾಲ ಕೂದಲು ಉದುರಿ ಅಂಗೈ ಅಗಲ ಚರ್ಮ ಕೆಂಪಾಗಿತ್ತು. ಆಷಾಢದ ಮಳೇಲಿ ನೆಲ ಒಣಗ್ಲೇ ಇಲ್ಲ, ಕೆಚ್ಚಲು ಬಾವು ಬಂತು, ಹಿಂದಿನ ಒಂದು ಮೊಲೇಲಿ ಹಾಲಿನ ಜೊತೆ ಮೊಸರಿನ ಚೂರಿನಂಥದ್ದು ಬರ್ತಿತ್ತು, ಮುಟ್ಟಿದ್ರೆ ಒದೀತಿದ್ಲು. ಡಾಕ್ಟ್ರು ಮೊಲೆಗೆ ಆ್ಯಂಟಿಬಯೋಟಿಕ್ ಟ್ಯೂಬ್ ಹಾಕಿ, ಇನ್ನಿಷ್ಟು ದಿನ ಹಾಲು ಡೈರಿಗೂ ಬೇಡ ಮನೆಗೂ ಬೇಡ ಅಂದ್ರು. ಆಯಿಗೆ ಹೇಳೋದು ಮರ್ತೋಯ್ತು, ಅವ್ರು ಆ ಹಾಲಿಗೇ ಹೆಪ್ಪು ಹಾಕಿಬಿಟ್ರು. ಬೆಳಿಗ್ಗೆ ಪಾತ್ರೆ ಓರೆ ಮಾಡಿದ್ರೆ ನೀರಿನ ಹಾಗೆ ಓಡ್ತು. ಔಷಧ ಹೆಪ್ಪಿನ ಬ್ಯಾಕ್ಟೀರಿಯಾನೂ ಕೊಂದಿತ್ತು. ಆ ಪಾತ್ರೆ ನೋಡಿದಾಗ ಆದ ಭಯ ಇನ್ನೂ ಹೋಗಿಲ್ಲ, ಮನೇಲಿ ಮಕ್ಕಳಿದಾರೆ.

ನಾಲ್ಕನೇ ಕರುವಿಗೆ ಬದಲಾಯಿಸಿದ್ವಿ. ಸಿಮೆಂಟ್ ಮೇಲೆ ರಬ್ಬರ್ ಮ್ಯಾಟು, ಅದರ ಮೇಲೆ ದಿನಾ ಒಣಗಿದ ತರಗು, ಬೆಳಿಗ್ಗೆ ಒಂಬತ್ತರಿಂದ ಒಂದರ ತನಕ ಬೇಲಿ ಹಾಕಿದ ಬೇಣದಲ್ಲಿ (ಹುಲ್ಲುಗಾವಲಲ್ಲಿ) ಮೇವು, ಹಿಂಡಿ ಮೂರು ಕೆಜಿ, ಮುಂದೆ ಯಾವಾಗ್ಲೂ ನೀರು. ಅದೇ ಎರಡನೇ ತಿಂಗಳಲ್ಲಿ ಏಳೂವರೆ ಲೀಟರ್, ಫ್ಯಾಟ್ 4.2. ಡೈರೀಲಿ ಫ್ಯಾಟ್ ನೋಡೇ ರೇಟು ಕೊಡೋದ್ರಿಂದ, ಹಿಂಡಿನೂ ಉಳಿದಿದ್ರಿಂದ ಕೈಗೆ ಬರೋ ದುಡ್ಡು ಹೆಚ್ಚುಕಮ್ಮಿ ಅಷ್ಟೇ. ಮಜ್ಜಿಗೆ ಕಡೆದ್ರೆ ಬೆಣ್ಣೆ ಬೇಗ ಕೂಡತ್ತೆ, ತುಪ್ಪ ಅರಿಶಿನ ಕಲಸಿದ ಹಾಗೆ ಹಳದಿ. ಹಸಿರು ಹುಲ್ಲಿನ ಕ್ಯಾರೋಟಿನ್ ಅದು, ಬೇಸಿಗೇಲಿ ಬರೀ ಒಣ ಕರಡ ಹಾಕಿದ ತಿಂಗಳು ನಮ್ಮ ತುಪ್ಪನೂ ಬಿಳಚಿಕೊಂಡಿತ್ತು.

ಬೇಣಕ್ಕೆ ಬಿಡೋದ್ರಲ್ಲಿ ಕಷ್ಟನೂ ಇದೆ. ಉಣುಗು (ಉಣ್ಣೆ ಹುಳ) ಹತ್ತತ್ತೆ, ಪಕ್ಕದ ಸಿದ್ದಾಪುರದಲ್ಲಿ ಮಂಗನ ಕಾಯಿಲೆ ನೋಡಿದೀವಿ, ಅದು ಹರಡೋದು ಉಣುಗಿನಿಂದಲೇ, ಹಾಗಾಗಿ ಕಾಡಿನೊಳಗೆ ಬಿಡಲ್ಲ, ವಾರಕ್ಕೊಮ್ಮೆ ಕಿವಿ, ಗಂಗೆದೊಗಲು ನೋಡ್ತೀವಿ. ತರಗು ಗುಡಿಸೋಕೆ ದಿನಾ ಒಂದು ಗಂಟೆ ಹೋಗತ್ತೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ (ಸೊಪ್ಪು, ತರಗು ತರೋಕೆ ಬಿಟ್ಟ ಕಾಡು) ಅನ್ನೋ ಹಳೇ ಲೆಕ್ಕ ಇರೋ ನಮ್ಮಂಥೋರಿಗೆ ಇದೆಲ್ಲ ಸಾಧ್ಯ, ಜಾಗ ಇಲ್ದವ್ರಿಗೆ ಮ್ಯಾಟು ಮತ್ತೆ ಒಣ ನೆಲ ಅಷ್ಟಾದ್ರೂ ಆಗ್ಲಿ.

ಗಿಡ್ಡ ಕೊಡೋದು ಎರಡು ಲೀಟರ್. ಮೊದಲಿಂದಲೂ ಬಿಟ್ಟೇ ಸಾಕಿದ್ದು, ಡಾಕ್ಟ್ರ ಮುಖ ನೋಡಿದ್ದು ಕಮ್ಮಿ. ಮೊಸರು ಗಟ್ಟಿ, ಒಂದೆಲಗದ ತಂಬ್ಳಿಗೆ ನಾವು ಅದನ್ನೇ ಎತ್ತಿಡೋದು.

ಕಾರವಾರದಲ್ಲಿರೋ ತಂಗಿ ಮನೇಲಿ ಪ್ಯಾಕೆಟ್ಟು. ಟೋನ್ಡ್ ಹಾಲಿಗೆ ಫ್ಯಾಟ್ 3, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಗಟ್ಟಿ ಅಂಶ) 8.5, ಯಾವತ್ತೂ ಒಂದೇ ಥರ, ಪಾಶ್ಚರೀಕರಣ ಆಗಿರತ್ತೆ, ಚಾಕ್ಕೆ ಚೆನ್ನಾಗೇ ಇದೆ. ನಮ್ಮ ಹಸಿ ಹಾಲು ಕುದಿಸ್ದೇ ಕುಡಿಯೋ ಹಾಗಿಲ್ಲ. ಆದ್ರೆ ಎಷ್ಟೋ ಕೊಟ್ಟಿಗೆ ಹಾಲು ಸೇರಿದ್ದು, ಆಕಳು ಹೇಗಿತ್ತು ಅಂತ ತಂಗಿಗೆ ತಿಳಿಯೋ ದಾರಿ ಇಲ್ಲ. ಅವಳ ಬೀದೀಲೊಬ್ರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಆಕಳು ಕಟ್ಟಿದಾರೆ, ತಗಡಿನ ಶೆಡ್ಡು, ಮೇ ತಿಂಗಳ ಸೆಕೆಗೆ ಅದು ಬಾಯಿ ತೆರೆದು ಏದುಸಿರು ಬಿಡ್ತಿತ್ತು, ಜೊಲ್ಲು ಸುರೀತಿತ್ತು. ಮೇಲೆ ಮಡ್ಲು (ಹೆಣೆದ ತೆಂಗಿನ ಗರಿ) ಹಾಸಿ ಒಂದು ಫ್ಯಾನ್ ಇಡಿ ಅಂತ ನಾನೇ ಹೋಗಿ ಹೇಳಿ ಬಂದೆ. ಇಟ್ಟಿದಾರಂತೆ, ತಂಗಿ ಫೋನ್ ಮಾಡಿದ್ಲು.