ನೆಟ್‌ಹ್ಯಾಕ್, ಶ್ಯಾಟರ್ಡ್ ಪಿಕ್ಸೆಲ್ ಡಂಜನ್, ಹೇಡೀಸ್: ಯಾರಿಗೆ ಯಾವುದು?

ಬಾಗಲಕೋಟೆಯ ನವನಗರದಿಂದ ತಮ್ಮ ಕೇಳಿದ್ದಾನೆ: ರೋಗ್‌ಲೈಕ್ ಆಟ (ರೋಗ್ ಅನ್ನೋ ಹಳೇ ಕಂಪ್ಯೂಟರ್ ಆಟದ ಥರದ್ದು) ಶುರು ಮಾಡಬೇಕು, ಈ ಮೂರರಲ್ಲಿ ಯಾವುದು?

ಮೊದಲು ಅಸಲಿ ರೋಗ್‌ಲೈಕ್ ಯಾವುದು ನೋಡೋಣ ತಮ್ಮಾ. 1980ರ ರೋಗ್ ಆಟದ ಮುಖ್ಯ ಗುಣಗಳು ಇವು: ಪ್ರತಿ ಸಲ ಹೊಸ ನಕ್ಷೆ, ಸತ್ತರೆ ಮೊದಲಿನಿಂದ ಶುರು, ನೀನು ಹೆಜ್ಜೆ ಇಟ್ಟರಷ್ಟೇ ಶತ್ರುವೂ ಹೆಜ್ಜೆ ಇಡುತ್ತಾನೆ. ನೆಟ್‌ಹ್ಯಾಕ್, ಪಿಕ್ಸೆಲ್ ಡಂಜನ್ ಎರಡರಲ್ಲೂ ಇವೆಲ್ಲ ಇವೆ. 2020ರ ಹೇಡೀಸ್‌ನಲ್ಲಿ ಸರದಿ ಇಲ್ಲ, ಕೈ ಚುರುಕಿರಬೇಕು. ಸತ್ತರೂ ಗಳಿಸಿದ ಶಕ್ತಿ ಸ್ವಲ್ಪ ಉಳಿಯುತ್ತದೆ. ಅದಕ್ಕೇ ಹಲವರು ಅದನ್ನು ರೋಗ್‌ಲೈಟ್, ಅಂದರೆ ರೋಗ್‌ಲೈಕ್‌ನ ಸಡಿಲ ರೂಪ, ಅನ್ನುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ.

ಖರ್ಚು? ಹೇಡೀಸ್‌ಗೆ ದುಡ್ಡು ಕೊಡಬೇಕು. ಆಂಡ್ರಾಯ್ಡ್ ಫೋನಿಗೆ ಪಿಕ್ಸೆಲ್ ಡಂಜನ್ ಪುಕ್ಕಟೆ. ನೆಟ್‌ಹ್ಯಾಕ್ ಕೂಡ ಪುಕ್ಕಟೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಆಳದಲ್ಲಿ ನೆಟ್‌ಹ್ಯಾಕ್ ಜಾಸ್ತಿ. ಅಲ್ಲಿ ಕಾಕಟ್ರೈಸ್ ಅನ್ನೋ ಪ್ರಾಣಿಯ ಹೆಣವನ್ನು ಬರಿಗೈಲಿ ಎತ್ತಿದರೆ ಕಲ್ಲಾಗುತ್ತೀಯ. ಗ್ಲೌಸ್ ಹಾಕಿಕೊಂಡರೆ ಅದೇ ಹೆಣ ನಿನ್ನ ಆಯುಧ! ಆದರೆ ಕೀಬೋರ್ಡಿನ ಅಷ್ಟೂ ಆಜ್ಞೆ ಕಲಿಯೋಕೆ ತಾಳ್ಮೆ ಬೇಕು.

ಬೆಳಗಾವಿ ಬಸ್ಸಿನಲ್ಲಿ ಕೂತು ಆಡೋದಾದರೆ ಪಿಕ್ಸೆಲ್ ಡಂಜನ್. ರಾತ್ರಿ ಸಾವಕಾಶ ಯೋಚಿಸಿ ಆಡೋದಾದರೆ ನೆಟ್‌ಹ್ಯಾಕ್. ಕಥೆ, ವೇಗ ಎರಡೂ ಬೇಕು, ಒಳ್ಳೇ ಕಂಪ್ಯೂಟರೂ ಇದೆ ಅಂದರೆ ಹೇಡೀಸ್ ತಗೋ.