ಕೈಗಡಿಯಾರ ನಂಬಿ ಎರಡು ವರ್ಷ ಓಡಿದೆ, ಈಗ ಎದೆಗೆ ಪಟ್ಟಿ ಕಟ್ಟುತ್ತೇನೆ: ಪೋಲಾರ್ ಎಚ್10 ಬಳಸಿದ ಅನುಭವ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಗೆಳತಿಯ ಜೊತೆ ಮಾತಾಡುತ್ತಾ ಓಡುತ್ತಿದ್ದೆ. ಅವಳ ಮಗಳ ಮದುವೆಗೆ ಯಾವ ಅಡುಗೆಯವರನ್ನು ಕರೆಸೋದು ಅನ್ನುವ ವಿಚಾರ. ಉಸಿರು ಆರಾಮಾಗಿತ್ತು, ಕಾಲೂ ಆರಾಮಾಗಿತ್ತು. ಸುಮ್ನೆ ಕೈಯಲ್ಲಿದ್ದ ವಾಚ್ ನೋಡಿದೆ. ಹಾರ್ಟ್ ರೇಟ್ 171!

ಆಗ ನನಗೆ 56 ವರ್ಷ. ಎಲ್ಲರೂ ಹೇಳುವ ಲೆಕ್ಕ ನಿಮಗೂ ಗೊತ್ತಿರುತ್ತದೆ, 220ರಲ್ಲಿ ವಯಸ್ಸು ಕಳೆದರೆ ಬರುವುದೇ ನಿಮ್ಮ ಹೃದಯದ ಗರಿಷ್ಠ ಬಡಿತ. ನನ್ನದು 164. ಮಾತಾಡುತ್ತಾ ಓಡುವಾಗಲೇ ಅದಕ್ಕಿಂತ ಏಳು ಜಾಸ್ತಿ ಬಂದರೆ ಯಾರಿಗಾದರೂ ಭಯ ಆಗುತ್ತೆ ಅಲ್ವಾ? ಅಲ್ಲಿಂದ ಮನೆಗೆ ನಡೆದುಕೊಂಡೇ ಬಂದೆ. ಆ ವಾರವೇ ಹೃದಯದ ಡಾಕ್ಟರ್ ಹತ್ತಿರ ಹೋಗಿ ಇಸಿಜಿ, ಎಕೋ, ಟಿಎಂಟಿ ಎಲ್ಲ ಮಾಡಿಸಿದೆ. ಎಲ್ಲವೂ ಸರಿಯಾಗಿತ್ತು. ಟಿಎಂಟಿ ಅಂದರೆ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುವ ಪರೀಕ್ಷೆ, ಅದರಲ್ಲಿ ಎದೆಗೆ ಅಂಟಿಸಿದ ತಂತಿಗಳು ಬಡಿತ 170 ದಾಟಿದ್ದನ್ನು ತೋರಿಸಿದವು, ಆಗ ನಿಜವಾಗಿ ಏದುಸಿರು ಬಂದಿತ್ತು. ಅದೇ ಹೊತ್ತಿಗೆ ಕೈಯಲ್ಲಿದ್ದ ವಾಚ್ 140ರ ಹತ್ತಿರ ಏನೋ ತೋರಿಸುತ್ತಿತ್ತು. ಡಾಕ್ಟರ್ ನಕ್ಕು, "ಅಮ್ಮ, ನಿಮ್ಮ ಹೃದಯ ಚೆನ್ನಾಗಿದೆ, ಓಡೋವಾಗ ಆ ಗಡಿಯಾರ ಹೇಳಿದ್ದನ್ನೆಲ್ಲ ನಂಬಬೇಡಿ, ಅಳೆಯಲೇಬೇಕು ಅಂದರೆ ಎದೆಯಿಂದ ಅಳೆಯಿರಿ" ಅಂದರು.

ಅಲ್ಲಿಂದ ಬಂದ ಮೇಲೆ ಕೊಂಡದ್ದು ಬಡಿತ ಅಳೆಯುವ ಈ ಎದೆಪಟ್ಟಿ, ಪೋಲಾರ್ ಎಚ್10. ಒಂದೂವರೆ ವರ್ಷ ಆಯಿತು. ನನ್ನ ಹಾಗೆ ಐವತ್ತು ದಾಟಿ, ಸುಮ್ನೆ ಜಾಗಿಂಗ್ ಅಲ್ಲದೆ ರೇಸ್‌ನಲ್ಲಿ ಟೈಮಿಂಗ್ ಇಳಿಸಬೇಕು ಅಂತ ಓಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವಾಚ್ ಯಾಕೆ ತಪ್ಪು ಹೇಳಿತು ಅನ್ನುವುದು ಮೊದಲು. ಕೈಗಡಿಯಾರದ ಹಿಂದೆ ಹಸಿರು ದೀಪ ಮಿನುಗುತ್ತದಲ್ಲ, ಅದು ಚರ್ಮದ ಕೆಳಗೆ ರಕ್ತ ಉಕ್ಕಿ ಇಳಿಯುವುದನ್ನು ಬೆಳಕಿನಿಂದ ಹಿಡಿಯುತ್ತದೆ. ಸುಮ್ಮನೆ ಕೂತಾಗ, ಮಲಗಿದಾಗ ಚೆನ್ನಾಗಿಯೇ ಹಿಡಿಯುತ್ತದೆ. ಓಡುವಾಗ ಕೈ ಬೀಸುತ್ತೇವೆ, ವಾಚ್ ಅಲ್ಲಾಡುತ್ತದೆ, ಆ ಅಲ್ಲಾಟಕ್ಕೂ ಒಂದು ತಾಳ ಇರುತ್ತದೆ. ನಾನು ನಿಮಿಷಕ್ಕೆ ಸುಮಾರು 170 ಹೆಜ್ಜೆ ಹಾಕುತ್ತೇನೆ. ಆವತ್ತು ವಾಚ್ ನನ್ನ ಹೆಜ್ಜೆಯನ್ನೇ ಬಡಿತ ಅಂತ ಎಣಿಸಿತ್ತು. ಓಡುವವರು ಇದನ್ನು ಕೇಡೆನ್ಸ್ ಲಾಕ್ ಅನ್ನುತ್ತಾರೆ. ಚಳಿಗಾಲದ ಬೆಳಗ್ಗೆ ಕೈ ತಣ್ಣಗಿದ್ದರೆ, ಬೆಲ್ಟ್ ಸಡಿಲವಿದ್ದರೆ ಇನ್ನೂ ಜಾಸ್ತಿ ಆಗುತ್ತದೆ. ಇಂಟರ್ವಲ್, ಅಂದರೆ ಒಂದು ರೌಂಡ್ ಜೋರು, ನಡುವೆ ಸ್ವಲ್ಪ ನಿಧಾನ, ಹೀಗೆ ಓಡುವಾಗ ಇನ್ನೊಂದು ತೊಂದರೆ, ಬಡಿತ ಬೇಗ ಏರುತ್ತದೆ, ವಾಚ್ ತಡವಾಗಿ ಏರುತ್ತದೆ. ಅದು ಏರಿ ಮುಗಿಸುವಷ್ಟರಲ್ಲಿ ನಮ್ಮ ರೌಂಡ್ ಮುಗಿದಿರುತ್ತದೆ.

ಎದೆಪಟ್ಟಿ ಕೆಲಸ ಮಾಡುವುದು ಇಸಿಜಿ ಹಾಗೆ. ಹೃದಯ ಬಡಿದಾಗಲೆಲ್ಲ ಒಂದು ಸಣ್ಣ ವಿದ್ಯುತ್ ಅಲೆ ಏಳುತ್ತದೆ, ಪಟ್ಟಿಯ ಒಳಗಡೆ ಇರುವ ಎಲೆಕ್ಟ್ರೋಡ್‌ಗಳು ಅದನ್ನು ನೇರವಾಗಿ ಹಿಡಿಯುತ್ತವೆ. ಕೈ ಎಷ್ಟು ಬೀಸಿದರೂ ಅದಕ್ಕೆ ಸಂಬಂಧ ಇಲ್ಲ. ಪೋಲಾರ್ ಫಿನ್ಲೆಂಡ್‌ನ ಕಂಪನಿ, 1977ರಿಂದ ಇದೆ, ತಂತಿಯಿಲ್ಲದೆ ಓಡುತ್ತಲೇ ಬಡಿತ ಅಳೆಯುವ ಸಾಧನವನ್ನು ಮೊದಲು ಮಾರುಕಟ್ಟೆಗೆ ತಂದವರು ಅವರು. ಎಚ್10ರ ಒಂದು ಗುಣ ನನಗೆ ಬಹಳ ಹಿಡಿಸಿತು, ತಂತಿಯಿಲ್ಲದೆ ನಂಬರ್ ಕಳಿಸುವ ಬ್ಲೂಟೂತ್ ಮತ್ತು ಆ್ಯಂಟ್ ಪ್ಲಸ್ ಎರಡೂ ಇರುವುದರಿಂದ ಬೇರೆ ಕಂಪನಿಯ ವಾಚ್‌ಗೂ ಹೊಂದಿಕೊಳ್ಳುತ್ತದೆ. ನನ್ನ ಹಳೇ ವಾಚ್ ಎಸೆಯಬೇಕಾಗಲಿಲ್ಲ. ಈಗ ಅದು ದೂರ, ಪೇಸ್ (ಒಂದು ಕಿಲೋಮೀಟರ್‌ಗೆ ಎಷ್ಟು ನಿಮಿಷ) ಹೇಳುತ್ತದೆ, ಬಡಿತ ಪಟ್ಟಿಯಿಂದ ಬರುತ್ತದೆ.

ಇನ್ನು ಅಸಲು ವಿಷಯ. ಪಟ್ಟಿ ಕಟ್ಟಿಕೊಂಡ ಮೊದಲ ವಾರ ನನ್ನ ಈಸಿ ರನ್‌ನಲ್ಲಿ, ಅಂದರೆ ಆರಾಮಾಗಿ ಓಡುವ ದಿನ, ಬಡಿತ 150 ಬಂತು. 171 ಅಲ್ಲ ಅಂತ ಸಮಾಧಾನ ಆಯಿತು. ಆದರೆ 150 ನನಗೆ ಈಸಿಯೋ ಅಲ್ಲವೋ? ಅದಕ್ಕೆ ನನ್ನ ಗರಿಷ್ಠ ಎಷ್ಟು ಅಂತ ಗೊತ್ತಾಗಬೇಕಲ್ಲ. 220ರ ಲೆಕ್ಕ 164 ಅನ್ನುತ್ತದೆ. 208ರಿಂದ ವಯಸ್ಸಿನ 0.7 ಪಾಲು ಕಳೆಯುವ ಇನ್ನೊಂದು ಲೆಕ್ಕ ಇದೆ, ಅದರಲ್ಲಿ 169. ಹೆಂಗಸರಿಗೇ ಅಂತ 2010ರಲ್ಲಿ ಬಂದ ಲೆಕ್ಕ 206ರಿಂದ ವಯಸ್ಸಿನ 0.88 ಪಾಲು ಕಳೆಯುತ್ತದೆ, ಅದರಲ್ಲಿ 157. ಒಬ್ಬಳೇ ಹೆಂಗಸು, ಮೂರು ಉತ್ತರ. ಈ ಲೆಕ್ಕಗಳೆಲ್ಲ ತುಂಬಾ ಜನರ ಸರಾಸರಿ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೆ ಈಚೆ ಆಗುವುದು ಮಾಮೂಲಿ.

ಅದಕ್ಕೇ ಒಂದು ಭಾನುವಾರ ಚಾಮುಂಡಿ ಬೆಟ್ಟದ ರಸ್ತೆಗೆ ಹೋದೆ. ಇಪ್ಪತ್ತು ನಿಮಿಷ ಮೈ ಬೆಚ್ಚಗಾಗುವಷ್ಟು ಓಡಿ, ಆಮೇಲೆ ಏರಿನಲ್ಲಿ ಮೂರು ಮೂರು ನಿಮಿಷ ಜೋರಾಗಿ ಹತ್ತುವುದು, ನಿಧಾನಕ್ಕೆ ಇಳಿಯುವುದು. ಮೂರನೇ ಸಲ ಇನ್ನು ಆಗಲ್ಲ ಅನ್ನುವವರೆಗೆ ಹತ್ತಿದೆ. ಪಟ್ಟಿ ತೋರಿಸಿದ್ದು 179. ಟಿಎಂಟಿ ಆಗಿ, ಡಾಕ್ಟರ್ ಸರಿ ಅಂದ ಮೇಲೆ ಮಾಡಿದ್ದು ಇದು. ದಯವಿಟ್ಟು ಯಾರೂ ತೋರಿಸಿಕೊಳ್ಳದೆ ಈ ಪರೀಕ್ಷೆ ಮಾಡಬೇಡಿ.

179 ಗೊತ್ತಾದ ಮೇಲೆ ಎರಡು ವರ್ಷ ಏನು ಮಾಡಿದ್ದೆ ಅಂತ ಅರ್ಥ ಆಯಿತು. ವಾರಕ್ಕೆ ಆರು ದಿನ ಓಡುತ್ತಿದ್ದೆ. ಈಸಿ ದಿನಗಳಲ್ಲೂ 150, ಅಂದರೆ ನನ್ನ ಗರಿಷ್ಠದ ಶೇಕಡಾ 84. ಮಾತಾಡಲು ಆಗುತ್ತಿತ್ತು ಅನ್ನುವ ಕಾರಣಕ್ಕೆ ಅದೇ ಈಸಿ ಅಂದುಕೊಂಡಿದ್ದೆ. ಈಸಿ ದಿನ ಸ್ವಲ್ಪ ಗಟ್ಟಿ, ಹಾಗಾಗಿ ಗಟ್ಟಿ ಓಡಬೇಕಾದ ದಿನ ಕಾಲು ಏಳುತ್ತಿರಲಿಲ್ಲ, ಅವತ್ತು ಸ್ವಲ್ಪ ಸಡಿಲ. ಎಲ್ಲ ದಿನವೂ ಒಂದೇ ಥರ. 10 ಕಿಲೋಮೀಟರ್ ಟೈಮ್ 53 ನಿಮಿಷದಲ್ಲೇ ನಿಂತುಬಿಟ್ಟಿತ್ತು, ವಯಸ್ಸಾಯಿತು ಅಂತ ನಾನೂ ಒಪ್ಪಿಕೊಂಡಿದ್ದೆ. ಮುಟ್ಟು ನಿಂತ ಮೇಲೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ, ಒಂದು ಜೋರು ಓಟದ ಆಯಾಸ ಇಳಿಯಲು ಮೂರು ದಿನ ಬೇಕಾಗುತ್ತಿತ್ತು. ಇದು ನನ್ನ ವಯಸ್ಸಿನ ಎಲ್ಲ ಹೆಂಗಸರಿಗೂ ಗೊತ್ತಿರುವ ಕಷ್ಟ, ಅದನ್ನು ಲೆಕ್ಕಕ್ಕೆ ಹಿಡಿಯದೆ ನಲವತ್ತರಲ್ಲಿ ಓಡಿದ ಹಾಗೇ ಓಡುತ್ತಿದ್ದೆ.

ಈಸಿ ದಿನಗಳಿಗೆ 138 ದಾಟಬಾರದು ಅಂತ ಗೆರೆ ಹಾಕಿಕೊಂಡೆ, ಅಂದರೆ 179ರ ಸುಮಾರು ಶೇಕಡಾ 77. ಮೊದಲ ತಿಂಗಳು ತುಂಬಾ ಕಷ್ಟ ಆಯಿತು, ಓಡಿ ಅಲ್ಲ, ನಿಧಾನಕ್ಕೆ ಓಡಿ. 6:10 ಪೇಸ್‌ನಲ್ಲಿ ಓಡುತ್ತಿದ್ದವಳು 7ಕ್ಕೆ ಇಳಿದೆ. ಸಣ್ಣ ಏರು ಬಂದರೂ ವಾಚ್ ಕೂಗುತ್ತಿತ್ತು, ನಡೆಯುತ್ತಿದ್ದೆ. ಯಾವಾಗಲೂ ನನ್ನ ಹಿಂದೆ ಇರುತ್ತಿದ್ದವರೆಲ್ಲ ದಾಟಿ ಹೋದರು. "ಆಂಟಿ, ಹುಷಾರಿಲ್ವಾ?" ಅಂತ ಕೇಳಿದ ಹುಡುಗರೂ ಇದ್ದಾರೆ. 220ರ ಲೆಕ್ಕ ಹಿಡಿದಿದ್ದರೆ ನನ್ನ ಗೆರೆ 126ರ ಹತ್ತಿರ ಬರುತ್ತಿತ್ತು, ಅಷ್ಟರಲ್ಲಿ ನಾನು ಓಡಲೇ ಆಗುತ್ತಿರಲಿಲ್ಲ, ವಾರ ಕಳೆಯುವುದರೊಳಗೆ ಬೇಜಾರಾಗಿ ಬಿಟ್ಟುಬಿಡುತ್ತಿದ್ದೆ. ವಾಚ್ ಜಾಸ್ತಿ ಹೇಳುತ್ತಿತ್ತು, ಲೆಕ್ಕ ಕಮ್ಮಿ ಹೇಳುತ್ತಿತ್ತು. ಓಡುವಾಗಿನ ಬಡಿತ, ಗರಿಷ್ಠ ಬಡಿತ, ಎರಡರ ನಿಜವಾದ ನಂಬರ್ ಸಿಕ್ಕಿದ್ದು ಈ ಪಟ್ಟಿಯಿಂದ.

ನಾಲ್ಕು ತಿಂಗಳಲ್ಲಿ ಅದೇ 138ಕ್ಕೆ ಪೇಸ್ 6:25 ಆಯಿತು. ಈಗ ವಾರಕ್ಕೆ ನಾಲ್ಕೇ ದಿನ ಓಟ, ಎರಡು ದಿನ ಜಿಮ್‌ನಲ್ಲಿ ಭಾರ ಎತ್ತುವುದು. ನಾಲ್ಕರಲ್ಲಿ ಒಂದು ದಿನ ಮಾತ್ರ ಜೋರು, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಒಳಗಿನ ರಸ್ತೆಯಲ್ಲಿ ಒಂದೊಂದು ಕಿಲೋಮೀಟರ್‌ನ ಐದು ರೌಂಡ್. ಆ ದಿನ ನಿಜವಾಗಿ ಜೋರು ಓಡಲು ಆಗುತ್ತದೆ, ಬಡಿತ 170 ಮುಟ್ಟುತ್ತದೆ, ಮೊದಲು ಮುಟ್ಟುತ್ತಲೇ ಇರಲಿಲ್ಲ.

ಏಪ್ರಿಲ್‌ನಲ್ಲಿ ಬೆಂಗಳೂರಿನ 10ಕೆ ಓಡಿದೆ. ಪರೇಡ್ ಮೈದಾನದ ಹತ್ತಿರ ಸ್ಟಾರ್ಟ್‌ಗೆ ಕಾಯುತ್ತಾ ನಿಂತಾಗಲೇ ಬಡಿತ 115 ಇತ್ತು, ಬರೀ ಗಾಬರಿಗೆ. ಇದನ್ನು ಗಮನದಲ್ಲಿಡಿ, ರೇಸ್‌ನ ಮೊದಲ ಒಂದೆರಡು ಕಿಲೋಮೀಟರ್ ಬಡಿತ ನೋಡಿ ಓಡುವುದು ಸರಿಹೋಗುವುದಿಲ್ಲ. ಉತ್ಸಾಹಕ್ಕೆ ಏರಿರುತ್ತದೆ, ಕೆಲಸಕ್ಕೆ ಇನ್ನೂ ಏರಿರುವುದಿಲ್ಲ. ಅಲ್ಲಿಯವರೆಗೆ ಪೇಸ್ ಮತ್ತು ಉಸಿರು ನೋಡಿದೆ. ಮೂರನೇ ಕಿಲೋಮೀಟರ್‌ನಿಂದ 165 ದಾಟದ ಹಾಗೆ ಹಿಡಿದುಕೊಂಡೆ, ಏರುಗಳಲ್ಲಿ ಬೇಕೆಂದೇ ನಿಧಾನ ಮಾಡಿದೆ. ಎಂಟು ಮುಗಿದ ಮೇಲೆ ವಾಚ್ ನೋಡುವುದನ್ನೇ ಬಿಟ್ಟೆ. ಕೊನೆಯಲ್ಲಿ 176ಕ್ಕೆ ಹೋಗಿದೆ ಅಂತ ಮನೆಗೆ ಬಂದ ಮೇಲೆ ನೋಡಿದೆ. 51 ನಿಮಿಷ 52 ಸೆಕೆಂಡ್. 50 ವರ್ಷಕ್ಕೆ ಬಂದಿದ್ದ ಟೈಮ್ 57ಕ್ಕೆ ಮತ್ತೆ ಬಂತು. ಗೆರೆ ದಾಟಿದ ಮೇಲೆ ಫುಟ್‌ಪಾತ್ ಮೇಲೆ ಕೂತು ಅತ್ತೆ, ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ.

ಬಳಸುವಾಗ ಗೊತ್ತಿರಬೇಕಾದ ಕೆಲವು ವಿಷಯ ಇವೆ. ಕಟ್ಟುವ ಮೊದಲು ಎಲೆಕ್ಟ್ರೋಡ್ ಜಾಗ ನೀರಿನಿಂದ ಒದ್ದೆ ಮಾಡಲೇಬೇಕು, ಒಣಗಿದ್ದರೆ ಮೈ ಬೆವರುವವರೆಗೆ ನಂಬರ್ ಎಲ್ಲೆಲ್ಲೋ ಹೋಗುತ್ತದೆ. ಡಿಸೆಂಬರ್, ಜನವರಿಯ ಒಣ ಗಾಳಿಯಲ್ಲಿ ಸಡಿಲವಾದ ನೈಲಾನ್ ಟಿ-ಶರ್ಟ್ ಪಟ್ಟಿಗೆ ಉಜ್ಜಿ 200 ದಾಟಿದ್ದೂ ನೋಡಿದ್ದೇನೆ. ಎಂಥ ಎದೆಪಟ್ಟಿಯಲ್ಲೂ ಹೀಗಾಗಬಹುದು, ಮೈಗೆ ಅಂಟುವ ಬಟ್ಟೆ ಹಾಕಿದರೆ ನಿಲ್ಲುತ್ತದೆ. ಹೆಂಗಸರಿಗೆ ಒಂದು ಮಾತು: ಪಟ್ಟಿ ಸ್ಪೋರ್ಟ್ಸ್ ಬ್ರಾದ ಎಲಾಸ್ಟಿಕ್ ಕೆಳಗೆ, ಅದಕ್ಕೆ ತಾಗಿದ ಹಾಗೆ ಇರಲಿ. ಮೊದಲ ಸಲ 21 ಕಿಲೋಮೀಟರ್ ಓಡಿದಾಗ ಜಾರುತ್ತದೆ ಅಂತ ಎಲಾಸ್ಟಿಕ್ ಒಳಗೆ ಸಿಕ್ಕಿಸಿ ತುಂಬಾ ಬಿಗಿ ಮಾಡಿಕೊಂಡಿದ್ದೆ, ಎರಡೂ ಸೇರಿ ಚರ್ಮ ಕಿತ್ತುಹೋಗಿ ಸ್ನಾನದ ನೀರು ಬಿದ್ದಾಗ ಪ್ರಾಣ ಹೋದ ಹಾಗಾಯಿತು. ಒಳಗಡೆ ಜಾರದಂತೆ ಸಿಲಿಕೋನ್ ಚುಕ್ಕೆಗಳಿವೆ, ಅಷ್ಟು ಬಿಗಿ ಬೇಕಾಗಿಲ್ಲ. ಉದ್ದ ಓಟಕ್ಕೆ ಅಂಚಿಗೆ ಮಾತ್ರ ಸ್ವಲ್ಪ ವ್ಯಾಸಲೀನ್ ಹಚ್ಚಿ, ಎಲೆಕ್ಟ್ರೋಡ್‌ಗೆ ತಾಗಬಾರದು.

ಓಡಿ ಬಂದ ತಕ್ಷಣ ಗುಂಡಿಯಂಥ ಭಾಗವನ್ನು ಪಟ್ಟಿಯಿಂದ ಬಿಚ್ಚಿಡಿ. ಒದ್ದೆ ಪಟ್ಟಿಗೆ ಸಿಕ್ಕಿಸಿಯೇ ಇಟ್ಟರೆ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ, ಬ್ಯಾಟರಿ ಸುಮ್ನೆ ಖಾಲಿ. ಸಿಆರ್2025 ಅನ್ನುವ ಬಿಲ್ಲೆ ಬ್ಯಾಟರಿ, ಗಡಿಯಾರ ರಿಪೇರಿ ಅಂಗಡಿಗಳಲ್ಲಿ ಸಿಗುತ್ತದೆ, ಸುಮಾರು 400 ಗಂಟೆ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ಪಟ್ಟಿಯನ್ನು ಪ್ರತಿ ಸಲ ನಲ್ಲಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಓಡುವಾಗ ಫೋನ್ ಜೊತೆಗಿಲ್ಲದಿದ್ದರೂ ಎಚ್10 ಒಂದು ಓಟವನ್ನು ತನ್ನೊಳಗೇ ಉಳಿಸಿಕೊಳ್ಳುತ್ತದೆ, ಒಂದೇ ಒಂದು. ವಾಚ್ ಇದ್ದವರಿಗೆ ಅದರ ಅಗತ್ಯ ಬರುವುದಿಲ್ಲ. ಬೆಲೆ ಕಮ್ಮಿ ಏನಲ್ಲ, ಆದರೂ ಕಾರ್ಬನ್ ಪ್ಲೇಟ್ ಇರುವ ಒಂದು ಜೊತೆ ರೇಸಿಂಗ್ ಶೂಗೆ ಕೊಡುವ ದುಡ್ಡಿಗಿಂತ ಕಮ್ಮಿ. ನನ್ನನ್ನು ಕೇಳಿದರೆ ಮೊದಲು ಇದು, ಆಮೇಲೆ ಆ ಶೂ.

ಯಾರಿಗೆ ಬೇಡ? ಬರೀ ವಾಕಿಂಗ್ ಮಾಡುವವರಿಗೆ ಕೈಗಡಿಯಾರವೇ ಸಾಕು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಬಡಿತ ಏರದಂತೆ ಆ ಮಾತ್ರೆಯೇ ಹಿಡಿದಿರುತ್ತದೆ, ಅವರು ಯಾವ ಲೆಕ್ಕವನ್ನೂ ನಂಬದೆ ಡಾಕ್ಟರ್ ಹೇಳಿದ ನಂಬರ್ ಇಟ್ಟುಕೊಳ್ಳಬೇಕು. ಪೇಸ್‌ಮೇಕರ್ ಇರುವವರು ಕೇಳದೆ ಕಟ್ಟಲೇಬಾರದು. ಎದೆಗೆ ಏನೂ ಕಟ್ಟಿಕೊಳ್ಳಲು ಆಗಲ್ಲ ಅನ್ನುವವರಿಗೆ ತೋಳಿಗೆ ಕಟ್ಟುವ ಪಟ್ಟಿಗಳು ಬಂದಿವೆ, ಅವೂ ಬೆಳಕಿನಿಂದಲೇ ಅಳೆಯುತ್ತವೆ, ಆದರೆ ತೋಳು ಮಣಿಕಟ್ಟಿನಷ್ಟು ಅಲ್ಲಾಡದ ಕಾರಣ ಕೈಗಡಿಯಾರಕ್ಕಿಂತ ಎಷ್ಟೋ ವಾಸಿ.

ಕೆರೆ ಏರಿ ಮೇಲೆ ನಮಗೆಲ್ಲ ಹಿರಿಯರಾದ ಒಬ್ಬ ರಾಯರು ಇದ್ದಾರೆ, 71 ವರ್ಷ, ಈಗಲೂ 5 ಕಿಲೋಮೀಟರ್ ರೇಸ್‌ಗೆ ಹೆಸರು ಕೊಡುತ್ತಾರೆ. "ಏನಮ್ಮಾ, ಆ ಪಟ್ಟಿ ಅಷ್ಟು ಹೇಳುತ್ತಾ?" ಅಂತ ಕೇಳುತ್ತಲೇ ಇದ್ದರು. ಹೋದ ತಿಂಗಳು ತೊಳೆದ ಪಟ್ಟಿ ಒಂದು ದಿನಕ್ಕೆ ಕೊಟ್ಟೆ. ಅವರಿಗೆ 220ರ ಲೆಕ್ಕದ ಪ್ರಕಾರ 149 ಗರಿಷ್ಠ, ಅದನ್ನು ದಾಟಬಾರದು ಅಂತ ಹೆದರಿಕೊಂಡು, ಅದರ ಒಳಗೇ ಓಡುತ್ತಿದ್ದೇನೆ ಅಂದುಕೊಂಡಿದ್ದರು. ಅವರ ಡಾಕ್ಟರ್ ಹಿಂದೆಯೇ ಧೈರ್ಯ ಹೇಳಿದ್ದರು, ಆದರೂ ಹೆದರಿಕೆ ಹೋಗಿರಲಿಲ್ಲ. ಅವತ್ತು ಎಂದಿನ ಹಾಗೆ ಕೊನೆಯ ಸುತ್ತು ಜೋರು ಓಡಿ ಬಂದು ನಿಂತರು, 158 ಇತ್ತು. ಸ್ವಲ್ಪ ಹೊತ್ತು ಆ ನಂಬರನ್ನೇ ನೋಡುತ್ತಾ ನಿಂತರು. ನನ್ನ ಪಟ್ಟಿ ಅವರಿಗೆ ದೊಡ್ಡದು, ಎರಡು ಸಲ ಜಾರಿತ್ತು, ನನ್ನದು ಎಂ-ಎಕ್ಸ್‌ಎಕ್ಸ್‌ಎಲ್. ಅವರು ಸಣ್ಣ ಮೈಯವರು, ಆವತ್ತೇ ಸಂಜೆ ಎಕ್ಸ್‌ಎಸ್-ಎಸ್ ಆರ್ಡರ್ ಮಾಡಿದರು. ನೀವೂ ಎದೆಯ ಸುತ್ತಳತೆ ನೋಡಿಕೊಂಡು ತರಿಸಿ.